ಕಾಸರಗೋಡಿನಿಂದ ಉತ್ತರ: ಒಂದು ಹೈಸ್ಕೂಲಿನ ಒಳ್ಳೆಯ ಕಾರ್ಯಕ್ರಮ ಇನ್ನೊಂದಕ್ಕೆ ದಾಟುವುದು ಹೇಗೆ

ಕರ್ನಾಟಕದ ನಿಮ್ಮ ಹೈಸ್ಕೂಲಿನಲ್ಲಿ ಫಲ ಕೊಟ್ಟ ಕಾರ್ಯಕ್ರಮವನ್ನು ಇಲ್ಲಿ ಕಾಸರಗೋಡಿನ ಕನ್ನಡ ಮಾಧ್ಯಮದ ಶಿಕ್ಷಕರಿಗೆ ಕಳಿಸಬಹುದೇ, ಇಲ್ಲಿಯದನ್ನು ತರಿಸಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಖಂಡಿತ ಆಗುತ್ತದೆ. ಎರಡೂ ಕಡೆ ಕನ್ನಡವೇ ಇದೆ, ಕಡತ ಕಳಿಸಿದರೆ ಮುಗಿಯಿತು ಅಂದುಕೊಂಡರೆ ಮಾತ್ರ ಎಡವುತ್ತೀರಿ.

1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿದ್ದೇವೆ. ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳ ಕನ್ನಡ ಡಿವಿಷನ್‌ಗಳಲ್ಲಿ ನಡೆಯುವುದು ಕೇರಳದ ಪಠ್ಯಕ್ರಮ, ಓದುವುದು ಅದರ ಕನ್ನಡ ಆವೃತ್ತಿ. ನಿಮ್ಮ ಎಸ್ಸೆಸ್ಸೆಲ್ಸಿಗೆ ಆರು ವಿಷಯ, 625 ಅಂಕ. ಇಲ್ಲಿ ಹತ್ತು ಪತ್ರಿಕೆ: ಭೌತ, ರಸಾಯನ, ಜೀವ ವಿಜ್ಞಾನ ಬೇರೆ ಬೇರೆ, ಐಟಿಗೂ ಪರೀಕ್ಷೆ ಉಂಟು. ಹಾಗಾಗಿ ಪಾಠದ ಸಂಖ್ಯೆ ಹಿಡಿದು ಮಾಡಿದ ವೇಳಾಪಟ್ಟಿ, ಮಾದರಿ ಪ್ರಶ್ನೆಪತ್ರಿಕೆ, ಗೈಡು ಇವು ಗಡಿ ದಾಟುವುದಿಲ್ಲ. ಕಲಿಸುವ ವಿಧಾನ ದಾಟುತ್ತದೆ. ಜೊತೆಗೆ ಮನೆಮಾತು ಬೇರೆ. ಒಂದೇ ಕನ್ನಡ ತರಗತಿಯಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಠಿ, ಬ್ಯಾರಿ ಮಾತಾಡುವ ಮಕ್ಕಳು ಒಟ್ಟಿಗೆ ಕೂತಿರುತ್ತಾರೆ. ಪುಸ್ತಕದ ಕನ್ನಡ ಇವರಲ್ಲಿ ಅನೇಕರಿಗೆ ಎರಡನೆಯ ಭಾಷೆ.

ಒಂದು ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ. ಹತ್ತನೆಯ ತರಗತಿಯ ಹಿಂದುಳಿದ ಮಕ್ಕಳಿಗೆ ವಿಜ್ಞಾನದ ಉತ್ತರ ಬರೆಯುವ ಅಭ್ಯಾಸ: ಆರು ಮಕ್ಕಳ ಗುಂಪು, ಮಧ್ಯಾಹ್ನ ಊಟವಾದ ಮೇಲೆ 20 ನಿಮಿಷ, ವಾರಕ್ಕೆ ನಾಲ್ಕು ದಿನ, ಆರು ವಾರ. ದಿನಕ್ಕೆ ಒಂದೇ ಪ್ರಶ್ನೆ. ಮೊದಲ 4 ನಿಮಿಷ ಮನೆಮಾತಿನಲ್ಲೇ ಉತ್ತರ ಹೇಳಬೇಕು. ಶಿಕ್ಷಕರು ಅಷ್ಟರೊಳಗೆ ಮೂರು ಶಬ್ದ ಮಾತ್ರ ಬೋರ್ಡಿನ ಮೇಲೆ ಬರೆಯುತ್ತಾರೆ. 8 ನಿಮಿಷ ಬರೆಯುವುದು, 5 ನಿಮಿಷ ಪಕ್ಕದವರ ಪುಸ್ತಕ ತಿದ್ದುವುದು, ಉಳಿದ 3 ನಿಮಿಷದಲ್ಲಿ ತಪ್ಪಿದ ಒಂದು ವಾಕ್ಯವನ್ನು ಮತ್ತೆ ಬರೆಯುವುದು.

ನೀರಿನ ತಳದ ನಾಣ್ಯ ಮೇಲೆದ್ದಂತೆ ಕಾಣುವುದೇಕೆ ಎಂದು ಕೇಳಿ ನೋಡಿ. ‘ಬೊಲ್ಪು’ ನೀರಿನಿಂದ ಹೊರಗೆ ಬರುವಾಗ ಬಾಗುತ್ತದೆ ಎಂದು ಮಗು ತುಳುವಿನಲ್ಲಿ ಸರಿಯಾಗಿಯೇ ಹೇಳುತ್ತದೆ. ಬರೆಯುವಾಗ ‘ಬೆಳಕು ಬಾಗುತ್ತದೆ’ ಎಂಬ ಎರಡೇ ಶಬ್ದ. ಯಾವ ಮಾಧ್ಯಮದಿಂದ ಯಾವುದಕ್ಕೆ, ಲಂಬದ ಕಡೆಗೋ ಲಂಬದಿಂದ ದೂರಕ್ಕೋ ಎಂಬುದು ಬಿಟ್ಟುಹೋಗುತ್ತದೆ, ಅಂಕ ಹೋಗುವುದೂ ಅಲ್ಲಿಯೇ. ಬೋರ್ಡಿನ ಮೇಲೆ ವಕ್ರೀಭವನ, ಮಾಧ್ಯಮ, ಲಂಬ ಎಂಬ ಮೂರು ಶಬ್ದ ಬೇಕಾದದ್ದು ಇದಕ್ಕಾಗಿ. ಇಡೀ ಉತ್ತರ ಬರೆದುಕೊಟ್ಟರೆ ಮಕ್ಕಳು ನಕಲು ಮಾಡುತ್ತಾರೆ, ಆಮೇಲೆ ಆರು ವಾರ ನಡೆಸಿಯೂ ಪ್ರಯೋಜನವಿಲ್ಲ.

ಇದನ್ನು ಬೇರೆ ಶಾಲೆಗೆ ಕೊಡುವಾಗ ಎರಡು ಪುಟದ ಟಿಪ್ಪಣಿ ಸಾಕು, ಆದರೆ ಅದರಲ್ಲಿ ನಿಮಿಷದ ಲೆಕ್ಕ ಇರಲೇಬೇಕು. ಯಾವ ಮಕ್ಕಳು, ಎಷ್ಟು ಮಂದಿ, ಯಾವ ಪರೀಕ್ಷೆಯ ಆಧಾರದಲ್ಲಿ ಆರಿಸಿದ್ದು? ಆ 20 ನಿಮಿಷಕ್ಕಾಗಿ ಏನನ್ನು ಬಿಟ್ಟಿರಿ? ಎಷ್ಟನೆಯ ವಾರ ಮಕ್ಕಳು ಬರುವುದು ಕಡಿಮೆಯಾಯಿತು? ಬದಲಾಯಿಸಬಾರದ್ದು ಯಾವುದು, ಬದಲಾಯಿಸಿದರೆ ನಡೆಯುವುದು ಯಾವುದು? ಮೇಲಿನದರಲ್ಲಿ ಗುಂಪಿನ ಗಾತ್ರ, ಮೊದಲು ಮಾತು ಆಮೇಲೆ ಬರಹ ಎಂಬ ಕ್ರಮ ಬದಲಾಗಕೂಡದು. ವಿಷಯ, ಹೊತ್ತು ಅವರವರ ಅನುಕೂಲ. ನಮ್ಮಲ್ಲಿ ಬರುವ ವರದಿಗಳಲ್ಲಿ ಉದ್ಘಾಟನೆಯ ಫೋಟೋ ತಪ್ಪದೆ ಇರುತ್ತದೆ, ಈ ನಾಲ್ಕು ಉತ್ತರ ಇರುವುದಿಲ್ಲ. ನನಗೆ ಬೇಸರ ತರಿಸುವುದು ಇದೇ.

‘ಎಲ್ಲರೂ ಪಾಸ್’ ಎಂದು ಬರೆದರೆ ಏನೂ ತಿಳಿಯದು. ಇಲ್ಲಿ ಭೌತವಿಜ್ಞಾನದ 50 ಅಂಕದಲ್ಲಿ 10 ಸಿಇಯದ್ದು, ಅಂದರೆ ನಿರಂತರ ಮೌಲ್ಯಮಾಪನದ್ದು. ಗ್ರೇಡಿನಲ್ಲಿ ಎರಡೂ ಸೇರಿರುತ್ತವೆ. ಆದ್ದರಿಂದ ಬರಹದ 40ರಲ್ಲಿ ಮೊದಲು ಎಷ್ಟು, ಆಮೇಲೆ ಎಷ್ಟು ಎಂದು ಬರೆಯಿರಿ. ಎರಡು ಪತ್ರಿಕೆಗಳ ಕಷ್ಟ ಒಂದೇ ಮಟ್ಟದ್ದಾಗಿರಲಿ, ತಿದ್ದಿದವರೂ ಒಬ್ಬರೇ ಆಗಿರಲಿ.

ಕಡತದ ವಿಷಯದಲ್ಲಿ ಒಂದು ಮಾತು. ಇಲ್ಲಿನ ಶಾಲಾ ಲ್ಯಾಪ್‌ಟಾಪುಗಳಲ್ಲಿ ಇರುವುದು ಕೈಟ್‌ನವರ, ಅಂದರೆ ಕೇರಳ ಸರಕಾರದ ಶಾಲಾ ತಂತ್ರಜ್ಞಾನ ಸಂಸ್ಥೆಯವರ, ಲಿನಕ್ಸ್. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಇದರಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಯುನಿಕೋಡಿಗೆ ಪರಿವರ್ತಿಸಿ, ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು ಕಣ್ಣಾರೆ ನೋಡಿ, ತಿದ್ದಲು ಬರುವ ಒಂದು ಪ್ರತಿ ಮತ್ತು ಒಂದು ಪಿಡಿಎಫ್ ಎರಡನ್ನೂ ಕಳಿಸಿ. ಪಿಡಿಎಫ್ ಮಾತ್ರ ಕಳಿಸಿದರೆ ಇಲ್ಲಿನ ಟೀಚರುಗಳು ಪಾರಿಭಾಷಿಕ ಪದ ಬದಲಿಸಲು ಪೂರ್ತಿ ಮತ್ತೆ ಟೈಪ್ ಮಾಡಬೇಕಾಗುತ್ತದೆ. ಕೊನೆಯಲ್ಲಿ ಪದಪಟ್ಟಿಯೊಂದನ್ನು ಹಾಕಿ, ನಿಮ್ಮ ಶಬ್ದದ ಎದುರು ನಮ್ಮ ಪುಸ್ತಕದ ಶಬ್ದಕ್ಕೆ ಜಾಗ ಬಿಡಿ.

ಹೊತ್ತಿನ ಲೆಕ್ಕವೂ ನಮ್ಮದು ಬೇರೆ. ಬೆಳಿಗ್ಗೆ ಬೇಗ ಕ್ಲಾಸ್ ಇಟ್ಟರೆ ಮದ್ರಸಕ್ಕೆ ಹೋಗುವ ಮಕ್ಕಳಿಗೆ ಬರಲಾಗುವುದಿಲ್ಲ, ಸಂಜೆ ಇಟ್ಟರೆ ಒಳನಾಡಿನ ಮಕ್ಕಳಿಗೆ ಬಸ್ಸು ತಪ್ಪುತ್ತದೆ. ಹಾಗಾಗಿಯೇ ಮಧ್ಯಾಹ್ನ. ಶುಕ್ರವಾರ ಜುಮಾಕ್ಕಾಗಿ ಮಧ್ಯಾಹ್ನದ ಬಿಡುವು ಉದ್ದ, ಅಂದು ಈ ಕ್ಲಾಸ್ ಬೇಡ. ಜೂನ್, ಜುಲೈಯಲ್ಲಿ ಮಳೆಗೆ ರಜೆ ಬೀಳುತ್ತದೆ. ಓಣಂ ಪರೀಕ್ಷೆ, ಅಂದರೆ ಮೊದಲ ಅವಧಿಯ ಪರೀಕ್ಷೆ, ಮುಗಿದ ಕೂಡಲೇ ಶುರುಮಾಡಿದರೆ ಒಳ್ಳೆಯದು, ಶಾಲಾ ಕಲೋತ್ಸವದ ತರಬೇತಿ ಬಿಸಿಯಾದ ಮೇಲೆ ಗುಂಪಿನಲ್ಲಿ ಆರು ಮಂದಿ ಒಟ್ಟಿಗೆ ಸಿಗುವುದು ಕಷ್ಟ.

ಹಂಚುವ ದಾರಿ ಮೊದಲು ಶಾಲೆಯ ಶಿಕ್ಷಕರೇ ಸೇರುವ ಎಸ್‌ಆರ್‌ಜಿ ಸಭೆ, ಆಮೇಲೆ ಉಪಜಿಲ್ಲೆಯ ಶಿಕ್ಷಕರು ಸೇರುವ ಕ್ಲಸ್ಟರ್. ಮಾಯಿಪ್ಪಾಡಿಯ ಡಯಟ್, ಅಂದರೆ ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆ, ಅದರ ನಂತರ. ಕ್ಲಸ್ಟರಿನಲ್ಲಿ 40 ನಿಮಿಷ ಸಿಕ್ಕರೆ ಸ್ಲೈಡ್ ತೋರಿಸುತ್ತಾ ಕೂರಬೇಡಿ. ಹೆಸರು ಮುಚ್ಚಿದ ಐದು ಉತ್ತರ ಪತ್ರಿಕೆ ಹಂಚಿ, ಬಂದವರೇ ತಿದ್ದಲಿ. ಮಕ್ಕಳು ಎಲ್ಲಿ ನಿಲ್ಲುತ್ತಾರೆ ಎಂದು ತಿದ್ದುವಾಗಲೇ ಕಾಣುತ್ತದೆ. ಆಸಕ್ತಿ ತೋರಿದ ಶಾಲೆಯಿಂದ ಇಬ್ಬರು ಬಂದು ಸಾಮಾನ್ಯ ದಿನವೊಂದರ ಕ್ಲಾಸನ್ನು ಕೂತು ನೋಡಲಿ. ಇಬ್ಬರೇ ಏಕೆಂದರೆ, ಸರಕಾರಿ ಶಾಲೆಯಲ್ಲಿ ಕಲಿತ ಒಬ್ಬರಿಗೆ ವರ್ಗಾವಣೆಯಾದರೆ ಕಾರ್ಯಕ್ರಮ ಅವರೊಟ್ಟಿಗೇ ಹೋಗುತ್ತದೆ. ಮರಳಿದ ಮೇಲೆ ಒಂದೇ ಗುಂಪಿನಲ್ಲಿ ಎರಡು ವಾರ ನಡೆಸಿ ನೋಡಲಿ, ಮೂರನೆಯ ವಾರ ಫೋನಿನಲ್ಲಿ ಮಾತಾಡಿ.

ಸರಕಾರದ ಸುತ್ತೋಲೆಗಳು ಇಲ್ಲಿ ಹೆಚ್ಚಾಗಿ ಮಲಯಾಳದಲ್ಲಿ ಬರುತ್ತವೆ, ಮಲಯಾಳ ಓದಲು ಬಾರದ ಕನ್ನಡ ಶಿಕ್ಷಕರಿಗೆ ಪಕ್ಕದವರೇ ಆಸರೆ. ಕನ್ನಡದಲ್ಲಿ, ಕೆಲಸಕ್ಕೆ ಬರುವ ಹಾಗೆ ಬರೆದ ಎರಡು ಪುಟಕ್ಕೆ ಇಲ್ಲಿ ಎಷ್ಟು ಬೆಲೆ ಎಂದು ಇದರಿಂದಲೇ ತಿಳಿಯಬಹುದು. ಕಳಿಸುವುದಿದ್ದರೆ ಮೇ ತಿಂಗಳೊಳಗೆ ಕಳಿಸಿ, ಜೂನ್‌ನಲ್ಲಿ ವರ್ಷದ ಯೋಜನೆ ಬರೆಯುವಾಗ ಸೇರಿಸಬಹುದು. ಟಿಪ್ಪಣಿಯ ಜೊತೆಗೆ ಮಕ್ಕಳು ಬರೆದ ಮೂರು ಪುಟಗಳ ಪ್ರತಿಯಿರಲಿ: ಮೊದಲ ದಿನದ್ದು, ಮೂರನೆಯ ವಾರದ್ದು, ಕೊನೆಯದ್ದು.