ಅಜ್ಜನ ಜನತಾ ವಾಚಿನ ಡಯಲ್‌ಗೆ ಬಣ್ಣ ಹೊಡೆಸಬೇಡಿ

ಶಿರಸಿಯ ಅಜ್ಜನ ಮನೆ ಪೆಟ್ಟಿಗೆಯಲ್ಲಿ ಸಿಕ್ಕ ಎಚ್‌ಎಂಟಿ ಜನತಾ ಅಸಲಿಯೋ, ಕಾರವಾರದ ಅಂಗಡಿಯವರು ಹೇಳಿದಂತೆ ಡಯಲ್‌ಗೆ ಹೊಸ ಬಣ್ಣ ಹೊಡೆಸಿದರೆ ಬೆಲೆ ಏರುತ್ತದೋ ಎಂದು ಕೇಳಿದ್ದೀರಿ. ದಯವಿಟ್ಟು ಹೊಡೆಸಬೇಡಿ. ಮಾಸಿದ್ದರೂ ಸರಿ, ಹಳೇ ವಾಚು ಕೂಡಿಡುವವರಿಗೆ ಬೇಕಾದದ್ದು ಮೂಲ ಡಯಲ್ಲೇ.

ಭೂತಗನ್ನಡಿ ಹಿಡಿದು ಅಕ್ಷರ ನೋಡಿ. ಕಾರ್ಖಾನೆಯ ಅಚ್ಚಾದರೆ ಅಂಚು ಚೂಪಾಗಿರುತ್ತದೆ, ನಿಮಿಷದ ಗೆರೆಗಳ ನಡುವಿನ ಅಂತರ ಒಂದೇ ಸಮ. ಆಮೇಲೆ ಬರೆಸಿದ್ದಾದರೆ ಶಾಯಿ ಹರಡಿ ಅಕ್ಷರ ದಪ್ಪಗಾಗಿರುತ್ತದೆ, ಹನ್ನೆರಡರ ಗೆರೆ ತುಸು ವಾಲಿರುತ್ತದೆ. ಗಿಣಿಹಸಿರು, ಕಡುಕೆಂಪು ಡಯಲ್ ಕಂಡರಂತೂ ಅನುಮಾನ ಪಡಲೇಬೇಕು. ನಿಮ್ಮ ಫೋಟೊದಲ್ಲಿ ಆರರ ಹತ್ತಿರ ಇರುವ ಕಂದು ಚುಕ್ಕೆಗಳು ನಮ್ಮ ಮಳೆಗಾಲದ ತೇವ ಬಿಟ್ಟ ಗುರುತಿನಂತಿವೆ. ಡಯಲ್ ಮೂಲದ್ದೇ ಇರಬಹುದೆಂದು ಅವನ್ನು ಕಂಡು ನನಗೆ ಖುಷಿಯೇ ಆಯಿತು.

ಹಿಂಬದಿ ಮುಚ್ಚಳವನ್ನು ಚಾಕುವಿನಿಂದ ಎಬ್ಬಿಸಲು ಹೋಗಬೇಡಿ, ರಿಪೇರಿಯವರ ಎದುರೇ ಕೂತು ತೆರೆಸಿ. ಯಂತ್ರದ ಮೇಲೆ ಎಚ್‌ಎಂಟಿ ಗುರುತು, 17 ಜ್ಯುವೆಲ್ಸ್ (ಚಕ್ರಗಳ ಅಚ್ಚು ಸವೆಯದಂತೆ ಕೂರಿಸುವ ಪುಟ್ಟ ಹರಳುಗಳು) ಎಂಬ ಬರಹ ಇರಬೇಕು. ಚಾವಿಯ ಕಡ್ಡಿ ಒಳಹೋಗುವ ಜಾಗದಲ್ಲಿ ತುಕ್ಕು ಹಿಡಿದಿದೆಯೇ ಎಂದೂ ತೋರಿಸಿಕೊಳ್ಳಿ. ಗಾಜು ಬದಲಾಗಿದ್ದರೆ ಚಿಂತೆಯಿಲ್ಲ. ಮುಳ್ಳು ಬೇರೆ ಮಾದರಿಯದಾದರೆ ಬೆಲೆ ತಗ್ಗುತ್ತದೆ.

1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ವಾಚ್ ಕಾರ್ಖಾನೆ ಜನತಾ ವಾಚುಗಳನ್ನು ರಾಶಿಗಟ್ಟಲೆ ಮಾಡಿದೆ, ಹಾಗಾಗಿ ಭಾರೀ ಬೆಲೆ ನಿರೀಕ್ಷಿಸಬೇಡಿ. ಯಂತ್ರ ತೊಳೆಸಿ ಎಣ್ಣೆ ಹಾಕಿಸಿದರೆ ಸಾಕು. ಕೇಸ್ ಪಾಲಿಶ್ ಬೇಡ, ಉಜ್ಜಿದರೆ ಕ್ರೋಮ್ ಲೇಪ ಹೋಗಿ ಹಿತ್ತಾಳೆ ಬಯಲಾದೀತು. ಅಜ್ಜ ಈ ವಾಚು ಕಟ್ಟಿಕೊಂಡ ಹಳೇ ಫೋಟೊ, ಅಂಗಡಿಯ ರಸೀದಿ ಏನಾದರೂ ಇದ್ದರೆ ವಾಚಿನ ಜೊತೆಗೇ ಇಡಿ.