‘ಸೊಲೆರಾ 1847’ ಎಂದರೆ 1847ರ ವೈನ್ ಅಲ್ಲ

ಶೆರಿ ವೈನ್ ಬಗ್ಗೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ಈ ಸಲ ಅದಕ್ಕೆ ವಿವರವಾಗಿ ಉತ್ತರಿಸಿದ್ದೇನೆ, ಉಳಿದವಕ್ಕೆ ಎಷ್ಟು ಬೇಕೋ ಅಷ್ಟು. ದಕ್ಷಿಣ ಸ್ಪೇನ್‌ನ ಹೆರೇಸ್, ಸಾನ್‌ಲೂಕರ್, ಎಲ್ ಪುಯೆರ್ತೊ ಎಂಬ ಮೂರು ಊರುಗಳ ಸುತ್ತಿನ ವೈನ್‌ಗೆ ಮಾತ್ರ ಶೆರಿ ಎಂಬ ಹೆಸರು ಸಲ್ಲುತ್ತದೆ ಎನ್ನುವುದು ಓದುಗರಿಗೆ ಗೊತ್ತಿದೆ ಎಂದೇ ಮುಂದುವರಿಯುತ್ತೇನೆ.

ಪ್ರಶ್ನೆ: ನನ್ನ ತಮ್ಮ ವಿದೇಶದಿಂದ ಬರುವಾಗ ಗೊನ್ಸಾಲೆಸ್ ಬಯಾಸ್ ಕಂಪನಿಯ ‘ಸೊಲೆರಾ 1847’ ಬಾಟಲಿ ತಂದಿದ್ದಾನೆ. 1847ರ ವೈನ್ ಎಂದು ಅಂಗಡಿಯವರು ಹೇಳಿದರಂತೆ. ಇಟ್ಟುಕೊಂಡರೆ ಬೆಲೆ ಏರುತ್ತದೆಯೇ? — ಮೈಸೂರು

ಏರುವುದಿಲ್ಲ. ತೆರೆದು ಕುಡಿಯಿರಿ. ಆ ಬಾಟಲಿಯಲ್ಲಿರುವುದು ಒಲೊರೊಸೊ ಎಂಬ, ಗಾಳಿಗೆ ಒಡ್ಡಿ ಕಂದಾಗಿಸಿದ ಶೆರಿಗೆ ಪೆದ್ರೊ ಹಿಮೆನೆಸ್ ದ್ರಾಕ್ಷಿಯ ಸಿಹಿ ವೈನ್ ಬೆರೆಸಿದ ಕ್ರೀಮ್ ಶೆರಿ. ಒಳ್ಳೆಯ ವೈನೇ, ಆದರೆ 1847ರದ್ದಲ್ಲ. ಲೇಬಲ್ಲಿನಲ್ಲಿ ಸುಳ್ಳೇನೂ ಇಲ್ಲ. ‘ಸೊಲೆರಾ’ ಎಂಬ ಪದವನ್ನು ನುಂಗಿ, ಇಸವಿಯನ್ನು ಮಾತ್ರ ದೊಡ್ಡ ದನಿಯಲ್ಲಿ ಓದಿ ಮಾರುವವರದ್ದು ಸುಳ್ಳು.

ನಮ್ಮ ಮನೆಗಳ ಹೆಪ್ಪನ್ನು ನೆನೆಯಿರಿ. ನಿನ್ನೆಯ ಮೊಸರಿನಿಂದ ಒಂದು ಚಮಚ ತೆಗೆದು ಇವತ್ತಿನ ಹಾಲಿಗೆ ಹಾಕುತ್ತೀರಿ. ಅಜ್ಜಿಯ ಕಾಲದಿಂದ ಹೆಪ್ಪು ತಪ್ಪದೆ ಬಂದಿದೆ ಎಂದು ಹೆಮ್ಮೆಯಿಂದ ಹೇಳಬಹುದು. ಆದರೆ ಬಟ್ಟಲಲ್ಲಿರುವ ಮೊಸರಿಗೆ ಐವತ್ತು ವರ್ಷ ಎಂದು ಯಾರಾದರೂ ಹೇಳುತ್ತಾರೆಯೇ? ಸೊಲೆರಾದ ಇಸವಿಯೂ ಹೆಪ್ಪಿನ ಇಸವಿ.

ಪದ್ಧತಿ ಹೀಗಿದೆ. ಸುಮಾರು 600 ಲೀಟರ್ ಹಿಡಿಯುವ ಅಮೆರಿಕನ್ ಓಕ್ ಪೀಪಾಯಿಗಳು. ಹೊರಗೆ ಕಪ್ಪು ಬಣ್ಣ, ಎಲ್ಲಿ ಸೋರಿದರೂ ಹೊಳೆದು ಕಣ್ಣಿಗೆ ಬೀಳಲಿ ಎಂದು. ಒಂದೇ ವಯಸ್ಸಿನ ವೈನ್ ಇರುವ ಪೀಪಾಯಿಗಳೆಲ್ಲ ಸೇರಿ ಒಂದು ಹಂತ. ಅತಿ ಹಳೆಯ ವೈನ್ ಇರುವ ಹಂತದ ಹೆಸರು ಸೊಲೆರಾ, ನೆಲಕ್ಕೆ ತಾಗಿಕೊಂಡದ್ದು ಎಂಬ ಅರ್ಥದಲ್ಲಿ. ಹಂತಗಳೆಲ್ಲ ಸೇರಿದ ಇಡೀ ವ್ಯವಸ್ಥೆಗೂ ಇದೇ ಹೆಸರು. ಅದಕ್ಕಿಂತ ಎಳೆಯದು ಮೊದಲನೇ ಕ್ರಿಯಾದೆರಾ, ಇನ್ನೂ ಎಳೆಯದು ಎರಡನೇ ಕ್ರಿಯಾದೆರಾ, ಹೀಗೆ ಮೇಲಕ್ಕೆ. ಕ್ರಿಯಾದೆರಾ ಎಂದರೆ ಸಾಕಿ ಬೆಳೆಸುವ ಜಾಗ. ಬಾಟಲಿಗೆ ಬೇಕಾದ ವೈನ್ ತೆಗೆಯುವುದು ಸೊಲೆರಾದಿಂದ ಮಾತ್ರ, ಅದೂ ಪೀಪಾಯಿಯ ಒಂದು ಪಾಲನ್ನಷ್ಟೇ. ಹೀಗೆ ತೆಗೆಯುವುದಕ್ಕೆ ‘ಸಾಕಾ’ ಎನ್ನುತ್ತಾರೆ. ಖಾಲಿಯಾದಷ್ಟನ್ನು ಮೊದಲನೇ ಕ್ರಿಯಾದೆರಾದಿಂದ ತುಂಬುತ್ತಾರೆ, ಅದರ ಕೊರತೆಯನ್ನು ಎರಡನೆಯದರಿಂದ. ಈ ತುಂಬುವ ಕೆಲಸ ‘ರೊಸಿಯೊ’. ಅತಿ ಎಳೆಯ ಹಂತಕ್ಕೆ ಹೊಸ ವೈನ್ ಬರುತ್ತದೆ.

ಒಂದರ ಮೇಲೊಂದು ಪೇರಿಸಿದ ಪೀಪಾಯಿಗಳ ಚಿತ್ರ ಬಿಡಿಸಿ, ಮೇಲಿನದರಿಂದ ಕೆಳಗಿನದಕ್ಕೆ ಬಾಣ ಎಳೆದು ತೋರಿಸುತ್ತಾರಲ್ಲ, ಅದು ಅರ್ಧ ಸತ್ಯ. ವೈನ್ ನಲ್ಲಿಯಿಂದ ಇಳಿದಂತೆ ಕೆಳಗಿಳಿಯುವುದಿಲ್ಲ. ಒಂದು ಹಂತದ ಪೀಪಾಯಿಗಳು ಬೇರೊಂದು ಕಟ್ಟಡದಲ್ಲೇ ಇರಬಹುದು. ಒಂದು ಹಂತದ ಪ್ರತಿ ಪೀಪಾಯಿಯಿಂದಲೂ ಸಮವಾಗಿ ತೆಗೆದು, ಎಲ್ಲವನ್ನೂ ಬೆರೆಸಿ, ಮುಂದಿನ ಹಂತದ ಪ್ರತಿ ಪೀಪಾಯಿಗೂ ಸಮವಾಗಿ ಹಂಚುತ್ತಾರೆ. ನೂರು ಪೀಪಾಯಿಗಳ ರುಚಿ ಒಂದೇ ಆಗಿ ಉಳಿಯುವುದು ಈ ಬೆರಕೆಯಿಂದ. ಅಪಾಯವೂ ಇಲ್ಲೇ ಇದೆ. ಹುಳಿ ಹಿಡಿದ ಒಂದು ಪೀಪಾಯಿಯನ್ನು ಗಮನಿಸದೆ ಬಿಟ್ಟರೆ ಅದರ ಹುಳಿ ಇಡೀ ಹಂತಕ್ಕೆ ಹಂಚಿಹೋಗುತ್ತದೆ. ಅದಕ್ಕೇ ಕಪತಾಸ್, ಅಂದರೆ ಪೀಪಾಯಿಮನೆಯ ಮೇಸ್ತ್ರಿ, ಉದ್ದ ಹಿಡಿಯ ಸಣ್ಣ ಬಟ್ಟಲಿನಂಥ ವೆನೆನ್ಸಿಯಾ ಇಳಿಸಿ ಪೀಪಾಯಿಗಳನ್ನು ಮೂಸಿ ನೋಡಿ, ಅವುಗಳ ಮುಂಬದಿಯಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾನೆ. ಸಂಶಯ ಬಂದದ್ದನ್ನು ಸಾಲಿನಿಂದ ಹೊರಗಿಡುತ್ತಾನೆ. ಈ ಮೂಗಿಗೆ ಬದಲಿ ಯಂತ್ರ ಇನ್ನೂ ಬಂದಿಲ್ಲ.

ಈಗ ಲೆಕ್ಕ. ತಳದ ಪೀಪಾಯಿಯಲ್ಲಿ ಸೊಲೆರಾ ಶುರುವಾದ ವರ್ಷದ ವೈನ್ 500 ಲೀಟರ್ ಇತ್ತು, ಪ್ರತಿ ವರ್ಷ ಮೂರನೇ ಒಂದು ಪಾಲು ತೆಗೆದು ಎಳೆಯದನ್ನು ತುಂಬಿದರು ಎಂದಿಟ್ಟುಕೊಳ್ಳಿ. ಹತ್ತು ವರ್ಷಕ್ಕೆ ಮೂಲ ವೈನ್ ಉಳಿಯುವುದು ಒಂಬತ್ತು ಲೀಟರ್‌ಗಿಂತ ಕಡಿಮೆ. ಇಪ್ಪತ್ತು ವರ್ಷಕ್ಕೆ 150 ಮಿಲಿ, ಒಂದು ಸಣ್ಣ ಲೋಟ. ಮೂವತ್ತಕ್ಕೆ 3 ಮಿಲಿಯೂ ಇಲ್ಲ. 1847ರಿಂದ ಇಲ್ಲಿಯವರೆಗೆ ನೂರೆಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದಿವೆ. ನಿಮ್ಮ ಬಾಟಲಿಯ ಪಾಲಿಗೆ ಏನು ಬಂದೀತು, ನೀವೇ ಹೇಳಿ.

ಹಾಗಾದರೆ ವಯಸ್ಸು ತಿಳಿಯುವುದು ಹೇಗೆ? ಹಂತಗಳ ಸಂಖ್ಯೆಯನ್ನು ವರ್ಷಕ್ಕೆ ತೆಗೆಯುವ ಪಾಲಿನಿಂದ ಭಾಗಿಸಿ. ನಾಲ್ಕು ಹಂತ, ವರ್ಷಕ್ಕೆ ಮೂರನೇ ಒಂದು ಪಾಲು ತೆಗೆದರೆ ಸರಾಸರಿ ವಯಸ್ಸು 12 ವರ್ಷ. ಅದೇ ನಾಲ್ಕು ಹಂತದಿಂದ ಐದನೇ ಒಂದು ಪಾಲು ಮಾತ್ರ ತೆಗೆದರೆ 20. ಹಂತಗಳೆಲ್ಲ ಒಂದೇ ಗಾತ್ರದವಾಗಿ, ಸೊಲೆರಾ ಹಲವು ವರ್ಷ ಇದೇ ಲಯದಲ್ಲಿ ನಡೆದಿದ್ದರೆ ಈ ಲೆಕ್ಕ ಸರಿಹೋಗುತ್ತದೆ. ವೈನ್‌ನ ವಯಸ್ಸನ್ನು ತೀರ್ಮಾನಿಸುವುದು ತೆಗೆಯುವ ಕೈಯ ಹಿಡಿತ, ಗೋಡೆಯ ಮೇಲೆ ಬರೆದ ಇಸವಿ ಅಲ್ಲ. ಮಾರುಕಟ್ಟೆಯಲ್ಲಿ ಬೇಡಿಕೆ ಬಂತೆಂದು ಎರಡು ವರ್ಷ ಹೆಚ್ಚು ತೆಗೆದರೆ ನೂರು ವರ್ಷದ ಸೊಲೆರಾ ಕೂಡ ಎಳೆಯದಾಗಿಬಿಡುತ್ತದೆ, ಮತ್ತೆ ದಾರಿಗೆ ತರಲು ಅದರ ಎರಡು ಮೂರು ಪಟ್ಟು ಕಾಲ ಬೇಕು.

ಫಿನೊ ಎಂಬ ತಿಳಿ ಬಣ್ಣದ, ಸಿಹಿಯಿಲ್ಲದ ಶೆರಿಯ ಸೊಲೆರಾದಲ್ಲಿ ಕಷ್ಟ ಇನ್ನೊಂದಿದೆ. ಇದೇ ಕಂಪನಿಯ ಹೆಸರುವಾಸಿ ಫಿನೊ ಟಿಯೊ ಪೆಪೆ. 1835ರಲ್ಲಿ ಕಂಪನಿ ಕಟ್ಟಿದ ಮನುಯೆಲ್ ಮರೀಯಾ ಗೊನ್ಸಾಲೆಸ್‌ಗೆ ವೈನ್ ವಿದ್ಯೆ ಹೇಳಿಕೊಟ್ಟವರು ಅವರ ಸೋದರಮಾವ ಹೊಸೆ ಆಂಹೆಲ್. ‘ಪೆಪೆ’ ಎಂಬುದು ಹೊಸೆ ಹೆಸರಿನ ಮನೆಮಾತು, ಟಿಯೊ ಪೆಪೆ ಎಂದರೆ ಪೆಪೆ ಮಾವ. ಈ ವೈನ್ ಬೆಳೆಯುವುದು ಫ್ಲೋರ್ ಎಂಬ ಯೀಸ್ಟ್ ಪೊರೆಯ ಕೆಳಗೆ. ಪಾಲೊಮಿನೊ ದ್ರಾಕ್ಷಿಯ ವೈನ್ ಹುದುಗಿ ಮುಗಿದಾಗ ಶೇ 11–12ರಷ್ಟು ಆಲ್ಕೋಹಾಲ್ ಇರುತ್ತದೆ. ದ್ರಾಕ್ಷಿ ಸ್ಪಿರಿಟ್ ಬೆರೆಸಿ ಅದನ್ನು ಶೇ 15–15.5ಕ್ಕೆ ಏರಿಸುತ್ತಾರೆ. ಶೇ 11.5ರ ವೈನ್ 100 ಲೀಟರ್‌ಗೆ ಶೇ 95.5ರ ಸ್ಪಿರಿಟ್ 5 ಲೀಟರ್‌ಗೆ ತುಸು ಕಡಿಮೆ ಸಾಕು. ನೇರವಾಗಿ ಸುರಿಯುವಂತಿಲ್ಲ, ಸುರಿದರೆ ವೈನ್ ಕದಡಿಹೋಗುತ್ತದೆ. ಸ್ಪಿರಿಟ್‌ನಷ್ಟೇ ಹಳೆಯ ಶೆರಿಯನ್ನು ಅದಕ್ಕೆ ಬೆರೆಸಿ, ಕೆಲವು ದಿನ ತಣ್ಣಗೆ ಕೂರಲು ಬಿಟ್ಟು, ಆಮೇಲೆ ಹೊಸ ವೈನ್‌ಗೆ ಹಾಕುತ್ತಾರೆ. ಒಲೊರೊಸೊಗಾದರೆ ಶೇ 17 ದಾಟಿಸುತ್ತಾರೆ. ಅಲ್ಲಿ ಫ್ಲೋರ್ ಬದುಕುವುದಿಲ್ಲ, ವೈನ್ ಗಾಳಿಗೆ ಮೈಯೊಡ್ಡಿ ಕಂದಾಗುತ್ತದೆ. ಒಂದೇ ದ್ರಾಕ್ಷಿ, ಎರಡು ದಾರಿ.

ಫಿನೊ ಪೀಪಾಯಿಯನ್ನು ಆರನೇ ಐದು ಪಾಲು ಮಾತ್ರ ತುಂಬುತ್ತಾರೆ. ಉಳಿದ ಜಾಗದ ಗಾಳಿ ಫ್ಲೋರ್‌ನ ಉಸಿರು. ಮುಚ್ಚಳ ತೆಗೆದು ದೀಪ ಹಿಡಿದರೆ, ಆರಿಸಿಟ್ಟ ಹಾಲಿನ ಮೇಲಿನ ಕೆನೆಯಂತೆ ಸುಕ್ಕುಸುಕ್ಕಾದ ಬಿಳಿ ಪದರ ಕಾಣುತ್ತದೆ. ಅದು ವೈನ್‌ನ ಗ್ಲಿಸರಿನ್ ಮತ್ತು ಸ್ವಲ್ಪ ಆಲ್ಕೋಹಾಲ್ ತಿಂದು ಅಸಿಟಾಲ್ಡಿಹೈಡ್ ಬಿಡುತ್ತದೆ. ಫಿನೊದ ಹೆಚ್ಚಿಟ್ಟ ಸೇಬಿನಂಥ, ಹಸಿ ಬಾದಾಮಿಯಂಥ ವಾಸನೆ ಬರುವುದು ಅಲ್ಲಿಂದ. ಈ ಕೆನೆ ಒಡೆಯದಂತೆ ಹೊಸ ವೈನ್ ತುಂಬುವುದೇ ರೊಸಿಯೊದ ಕಸುಬು. ಪೀಪಾಯಿಯ ಬಾಯಿಗೆ ದೋಣಿಯಾಕಾರದ ಆಲಿಕೆ ಇಟ್ಟು, ಅದರ ತುದಿಗೆ ಪಕ್ಕದಲ್ಲಿ ಸಣ್ಣ ರಂಧ್ರಗಳಿರುವ ಕೊಳವೆ ಜೋಡಿಸಿ, ಕೆನೆಯ ಕೆಳಗಿನವರೆಗೆ ಇಳಿಸುತ್ತಾರೆ. ವೈನ್ ಒಳಗೊಳಗೇ ಚಿಮುಕಿಸಿದಂತೆ ಸೇರಿಕೊಳ್ಳುತ್ತದೆ. ಮೇಲಿನ ಪದರವೂ ಕದಡುವುದಿಲ್ಲ, ತಳದಲ್ಲಿ ಕೂತ ಸತ್ತ ಯೀಸ್ಟಿನ ಗಷ್ಟೂ ಏಳುವುದಿಲ್ಲ. ಅವಸರಕ್ಕೆ ಬಿದ್ದು ರಭಸದಿಂದ ತುಂಬಿದರೆ ಕೆನೆ ಚೂರಾಗಿ ಮುಳುಗುತ್ತದೆ, ಗಾಳಿ ತಾಗಿ ವೈನ್ ಬಣ್ಣಗೆಡುತ್ತದೆ.

ತೀರಾ ಕಡಿಮೆ ತೆಗೆದರೂ ಕೇಡೇ. ಹೊಸ ವೈನ್ ಬಾರದಿದ್ದರೆ ಫ್ಲೋರ್‌ಗೆ ಆಹಾರವಿಲ್ಲ. ಅದು ತೆಳುವಾಗಿ ಸಾಯುತ್ತದೆ, ಫಿನೊ ಹೋಗಿ ಅಮೊಂಟಿಯಾಡೊದ, ಅಂದರೆ ಫ್ಲೋರ್ ಸತ್ತ ಮೇಲೆ ಗಾಳಿ ತಾಗಿ ಬೆಳೆಯುವ ಶೆರಿಯ, ದಾರಿ ಹಿಡಿಯುತ್ತದೆ. ಬೇಕೆಂದೇ ಹಾಗೆ ಮಾಡುವುದು ಬೇರೆ, ಮೈಮರೆತು ಆಗುವುದು ಬೇರೆ. ಆದ್ದರಿಂದ ಫಿನೊದಲ್ಲಿ ಸ್ವಲ್ಪ ಸ್ವಲ್ಪವಾಗಿ, ವರ್ಷಕ್ಕೆ ಹಲವು ಸಲ ತೆಗೆಯುತ್ತಾರೆ. ಅದರ ಸರಾಸರಿ ವಯಸ್ಸು ನಾಲ್ಕೈದು ವರ್ಷದ ಆಸುಪಾಸಿನಲ್ಲಿ ನಿಲ್ಲುವುದು ಇದೇ ಕಾರಣಕ್ಕೆ. ಕಟ್ಟಡವೂ ಫ್ಲೋರ್‌ಗೆಂದೇ ಕಟ್ಟಿದ್ದು: ದಪ್ಪ ಗೋಡೆ, ಎತ್ತರದ ಚಾವಣಿ, ಮೇಲುಗಡೆ ಕಿಟಕಿ, ಅದಕ್ಕೆ ನಾರಿನ ಚಾಪೆ, ಬೇಸಿಗೆಯಲ್ಲಿ ನೀರು ಚಿಮುಕಿಸುವ ಮಣ್ಣಿನ ನೆಲ. ಪಡುವಣದ ಸಮುದ್ರದ ಗಾಳಿ ಒಳಗೆ ಬರಬೇಕು, ಮೂಡಣದಿಂದ ಬೀಸುವ ಒಣ ಲೆವಾಂತೆ ಗಾಳಿಗೆ ಬಾಗಿಲು ಮುಚ್ಚಬೇಕು.

ನಿಜವಾಗಿ ಹಳೆಯ ಶೆರಿ ಬೇಕೆಂದರೆ ಇಸವಿ ನೋಡಬೇಡಿ. ವಿಒಎಸ್ ಎಂಬ ಮುದ್ರೆ ಇದ್ದರೆ ಸರಾಸರಿ ಕನಿಷ್ಠ 20 ವರ್ಷ, ವಿಒಆರ್‌ಎಸ್ ಇದ್ದರೆ 30. ಹೆರೇಸ್‌ನ ನಿಯಂತ್ರಣ ಮಂಡಳಿ ರುಚಿ ನೋಡಿ, ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಇದನ್ನು ಕೊಡುತ್ತದೆ. ಒಂದೇ ವರ್ಷದ ಬೆಳೆಯ ವೈನೇ ಬೇಕೆಂದರೆ ‘ಅನ್ಯಾದಾ’ ಎಂದು ಬರೆದದ್ದನ್ನು ಹುಡುಕಿ. ಅದು ಸೊಲೆರಾಕ್ಕೆ ಸೇರಿಸದೆ ಬೇರೆಯೇ ಇಟ್ಟ ವೈನ್. ಬೆಲೆ ಕೇಳಿ ಗಾಬರಿಯಾಗಬೇಡಿ.

ಪ್ರಶ್ನೆ: ಕ್ರಿಸ್ಮಸ್‌ಗೆಂದು ಭರಣಿಯಲ್ಲಿ ಹಾಕಿದ ದ್ರಾಕ್ಷಿ ವೈನ್ ಮೇಲೆ ಬಿಳಿ ಪೊರೆ ಬಂದಿದೆ. ಇದು ಫ್ಲೋರ್, ಹಾಗೇ ಬಿಟ್ಟರೆ ಶೆರಿಯಾಗುತ್ತದೆ ಎಂದು ವಿಡಿಯೊ ಒಂದರಲ್ಲಿ ನೋಡಿದೆ. — ಮಂಗಳೂರು

ಆ ವಿಡಿಯೊ ಮಾಡಿದವರು ಎಷ್ಟು ಮನೆಗಳ ವೈನ್ ಹಾಳು ಮಾಡಿದ್ದಾರೋ. ಫ್ಲೋರ್ ಬದುಕುವುದು ಶೇ 15ರ ಆಲ್ಕೋಹಾಲ್‌ನಲ್ಲಿ, ಆ ಬಲದಲ್ಲಿ ಕೆಟ್ಟ ಸೂಕ್ಷ್ಮಜೀವಿಗಳು ತಲೆಯೆತ್ತುವುದು ಕಷ್ಟ. ಮನೆಯ ವೈನ್ ಸಾಮಾನ್ಯವಾಗಿ ಅಷ್ಟು ಬಲದ್ದಾಗಿರುವುದಿಲ್ಲ. ಅದರ ಮೇಲೆ ಬರುವುದು ಗಾಳಿ ಸಿಕ್ಕಿ ಬೆಳೆದ ಕಾಡು ಯೀಸ್ಟ್. ಅದರ ಹಿಂದೆಯೇ ವಿನೆಗರ್ ಬ್ಯಾಕ್ಟೀರಿಯಾ ಬರುತ್ತದೆ.

ಮೂಸಿ ನೋಡಿ. ನೇಲ್ ಪಾಲಿಶ್ ತೆಗೆಯುವ ದ್ರವದ ವಾಸನೆ ಬಂದರೆ ಮುಗಿಯಿತು, ಚೆಲ್ಲಿಬಿಡಿ. ಹಸಿರು, ಕಪ್ಪು ಬೂಷ್ಟು ಕಂಡರೂ ಅಷ್ಟೇ, ಮೇಲಿನದನ್ನು ತೆಗೆದು ಕುಡಿಯುತ್ತೇನೆ ಎನ್ನಬೇಡಿ. ವಾಸನೆ ಚೆನ್ನಾಗಿದ್ದು ಪೊರೆ ತೆಳುವಾಗಿದ್ದರೆ, ಶುದ್ಧ ಪೈಪನ್ನು ಪೊರೆಯ ಕೆಳಗೆ ಇಳಿಸಿ ನಡುವಿನ ವೈನ್ ಮಾತ್ರ ಎಳೆದುಕೊಳ್ಳಿ, ಪೊರೆಯನ್ನೂ ಗಷ್ಟನ್ನೂ ಭರಣಿಯಲ್ಲೇ ಬಿಡಿ. 10 ಲೀಟರ್‌ಗೆ 0.9 ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಹಾಕಿ. ತೂಕದ ಸಣ್ಣ ಯಂತ್ರ ಇಲ್ಲದಿದ್ದರೆ ಹಾಕಲೇಬೇಡಿ, ಅಂದಾಜಿನ ಕೆಲಸವಲ್ಲ. ಮನೆಯಲ್ಲಿ ಆಸ್ತಮಾ ಇರುವವರಿದ್ದರೂ ಬೇಡ. ಕಿರಿದಾದ ಬಾಯಿಯ ಬಾಟಲಿಗಳಿಗೆ ಕತ್ತಿನವರೆಗೆ ತುಂಬಿ ಮುಚ್ಚಿ. ಹುದುಗು ಪೂರ್ತಿ ನಿಂತಿರಬೇಕು, ಇಲ್ಲದಿದ್ದರೆ ಬಾಟಲಿ ಒಡೆಯುತ್ತದೆ. ಅಗಲ ಬಾಯಿಯ ಭರಣಿಯಲ್ಲಿ ಅರ್ಧಕ್ಕೆ ಇಳಿದ ವೈನ್ ಬಿಟ್ಟದ್ದೇ ನಿಮ್ಮ ತಪ್ಪು.

ಶೆರಿ ಮಾಡುತ್ತೇನೆಂದು ಎಲ್ಲಿಂದಲೋ ತಂದ ‘ಸ್ಪಿರಿಟ್’ ಸುರಿಯುವವರಿಗೆ ಒಂದೇ ಮಾತು: ಅದರಲ್ಲಿ ಮೆಥನಾಲ್ ಇದ್ದರೆ ಕಣ್ಣು ಹೋಗುತ್ತದೆ, ಪ್ರಾಣವೂ ಹೋಗುತ್ತದೆ.

ಪ್ರಶ್ನೆ: ಡ್ರೈ ಶೆರಿಯಲ್ಲಿ ಸಕ್ಕರೆ ಇಲ್ಲವಂತೆ, ಸಕ್ಕರೆ ಕಾಯಿಲೆಯವರು ಔಷಧಿಯಂತೆ ಕುಡಿಯಬಹುದೇ? — ದಾವಣಗೆರೆ

ಔಷಧಿಯಲ್ಲ. ಫಿನೊದಲ್ಲಿ ಸಕ್ಕರೆ ಅತ್ಯಲ್ಪ ಎನ್ನುವುದು ನಿಜ, ಆದರೆ ಶೇ 15ರ ಆಲ್ಕೋಹಾಲ್ ಇದೆ. ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಖಾಲಿ ಹೊಟ್ಟೆಯಲ್ಲಿ ಅದು ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು. ಹೃದಯಕ್ಕೆ ಒಳ್ಳೆಯದು, ಬಾಣಂತಿಗೆ ಒಳ್ಳೆಯದು ಎಂದು ಹೇಳಿ ಮಾರುವವರ ಮಾತು ಕೇಳಬೇಡಿ, ನಿಮ್ಮ ವೈದ್ಯರನ್ನು ಕೇಳಿ.

ಪ್ರಶ್ನೆ: ಶೆರಿಗೆ ಜಿಪ್ಸಂ ಹಾಕುತ್ತಾರಂತೆ, ವಿಷವಲ್ಲವೇ? — ಹುಬ್ಬಳ್ಳಿ

ಹಿಂದೆ ದ್ರಾಕ್ಷಿ ಹಿಂಡುವ ಮೊದಲು ಸ್ವಲ್ಪ ಉದುರಿಸುತ್ತಿದ್ದರು, ಬಿಸಿನಾಡಿನ ದ್ರಾಕ್ಷಿಯಲ್ಲಿ ಹುಳಿ ಸಾಲದೆಂದು. ಈಗ ಆ ಕೆಲಸಕ್ಕೆ ಹೆಚ್ಚಾಗಿ ಟಾರ್ಟಾರಿಕ್ ಆಮ್ಲ ಬಳಸುತ್ತಾರೆ. ವಿಷವಲ್ಲ.

ಪ್ರಶ್ನೆ: ಶೆರಿ ಪೀಪಾಯಿಯಲ್ಲಿಟ್ಟ ವಿಸ್ಕಿ ಎಂದರೆ ನೂರು ವರ್ಷದ ಸೊಲೆರಾ ಪೀಪಾಯಿಯೇ? — ಬೆಂಗಳೂರು

ಬಹುಪಾಲು ಅಲ್ಲ. ಸೊಲೆರಾದ ಪೀಪಾಯಿಯನ್ನು ಯಾರೂ ಸುಲಭಕ್ಕೆ ಕೊಡುವುದಿಲ್ಲ, ಅದರ ಮರದಲ್ಲಿ ಹೊಸದಾಗಿ ಬಿಟ್ಟುಕೊಡುವಂಥದ್ದೂ ಹೆಚ್ಚು ಉಳಿದಿರುವುದಿಲ್ಲ. ವಿಸ್ಕಿಯವರಿಗೆಂದೇ ಹೊಸ ಓಕ್ ಪೀಪಾಯಿ ಮಾಡಿಸಿ, ಒಂದೆರಡು ವರ್ಷ ಒಲೊರೊಸೊ ತುಂಬಿಟ್ಟು, ಖಾಲಿ ಮಾಡಿ ಕಳಿಸುತ್ತಾರೆ. ನಮ್ಮ ಬೆಂಗಳೂರಿನ ಅಮೃತ್ ವಿಸ್ಕಿಯವರೂ ಶೆರಿ ಪೀಪಾಯಿ ಬಳಸಿದ್ದಾರೆ.

ಪ್ರಶ್ನೆ: ತೆರೆದ ಫಿನೊ ಬಾಟಲಿ ಶೋಕೇಸಿನಲ್ಲಿ ಎಷ್ಟು ತಿಂಗಳು ಇಡಬಹುದು? — ಶಿವಮೊಗ್ಗ

ಒಂದು ದಿನವೂ ಬೇಡ. ಫ್ರಿಜ್ಜಿನಲ್ಲಿ ನೆಟ್ಟಗೆ ನಿಲ್ಲಿಸಿ, ವಾರದೊಳಗೆ ಮುಗಿಸಿ. ಒಲೊರೊಸೊ ಒಂದು ತಿಂಗಳು ತಾಳುತ್ತದೆ, ಪೆದ್ರೊ ಹಿಮೆನೆಸ್ ಇನ್ನೂ ಹೆಚ್ಚು. ತೆರೆಯದ ಫಿನೊವನ್ನೂ ವರ್ಷಗಟ್ಟಲೆ ಕೂಡಿಡಬೇಡಿ, ಬಾಟಲಿಯೊಳಗೆ ಫ್ಲೋರ್ ಇಲ್ಲ, ಅದನ್ನು ಕಾಯುವವರು ಯಾರೂ ಇಲ್ಲ.