ಮೈ ಅದುರಿತು ಅಂತ ಥೈರಾಯ್ಡ್ ಮಾತ್ರೆ ಜಾಸ್ತಿ ಮಾಡಬೇಡಿ

ಪ್ರಶ್ನೆ: ನನಗೆ 38 ವರ್ಷ. ಥೈರಾಯ್ಡ್ ಕಡಿಮೆ ಇದೆ ಎಂದು ಗೊತ್ತಾಗಿ 4 ತಿಂಗಳಾಯಿತು. ದಿನಾ ಮಾತ್ರೆ ತಗೊಳ್ತಿದ್ದೇನೆ. ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನ್ ಕಡಿಮೆಯಾದಾಗ ಏರುವ ರಕ್ತಪರೀಕ್ಷೆಯ ಅಂಕಿ) ಈಗ 3ಕ್ಕೆ ಇಳಿದಿದೆ. ಆದರೂ ತೊಡೆ, ಭುಜ ನೋಯುತ್ತವೆ. ಕಣ್ಣಿನ ರೆಪ್ಪೆ, ಮೀನಖಂಡ ಆಗಾಗ ಪಟಪಟ ಅದುರುತ್ತವೆ. ಡೋಸ್ ಸಾಲದೇನೋ ಎಂದು 3 ವಾರದಿಂದ ಒಂದೂವರೆ ಮಾತ್ರೆ ತಗೊಂಡೆ. ಅದುರುವುದು ಇನ್ನೂ ಜಾಸ್ತಿಯಾಗಿದೆ. ಏನು ಮಾಡಲಿ?

ಉತ್ತರ: ಆ ಅರ್ಧ ಮಾತ್ರೆಯನ್ನು ಇವತ್ತೇ ಬಿಡಿ. ವೈದ್ಯರು ಬರೆದ ಡೋಸ್‌ಗೆ ವಾಪಸ್ ಬನ್ನಿ, ಅವರಿಗೂ ವಿಷಯ ತಿಳಿಸಿ. ನಿಮ್ಮ ಹಾಗೆಯೇ ತಾವೇ ಡೋಸ್ ಏರಿಸಿಕೊಂಡವರ ಪತ್ರಗಳು ಪ್ರತಿ ಸಲ ಬರುತ್ತಿವೆ. ಓದಿದಾಗ ಬೇಜಾರಾಗುತ್ತದೆ, ಭಯವೂ ಆಗುತ್ತದೆ.

ನೋವು ಬೇರೆ, ಅದುರುವುದು ಬೇರೆ. ಎರಡನ್ನೂ ಸೇರಿಸಿ ಒಂದೇ ಗಂಟು ಕಟ್ಟಬೇಡಿ.

ಮೊದಲು ನೋವು. ಸ್ನಾಯು ಬಿಗಿಯಾದ ಮೇಲೆ ಮತ್ತೆ ಸಡಿಲವಾಗಬೇಕಲ್ವಾ? ಅದಕ್ಕೆ ಒಳಗಿನ ಕ್ಯಾಲ್ಸಿಯಂ ಬೇಗ ತನ್ನ ಜಾಗಕ್ಕೆ ಮರಳಬೇಕು. ಈ ಕೆಲಸದ ವೇಗ ಥೈರಾಯ್ಡ್ ಹಾರ್ಮೋನ್ ಕೈಯಲ್ಲಿದೆ. ಹಾರ್ಮೋನ್ ಕಡಿಮೆಯಾದರೆ ಸ್ನಾಯು ಬಿಗಿಯಾಗುತ್ತದೆ, ಸಡಿಲವಾಗಲು ತಡ ಮಾಡುತ್ತದೆ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ವೈದ್ಯರು ಸುತ್ತಿಗೆಯಿಂದ ತಟ್ಟಿದಾಗ ಪಾದ ಚಿಮ್ಮಿ, ನಿಧಾನವಾಗಿ ಮೊದಲಿನ ಜಾಗಕ್ಕೆ ಮರಳುವುದು ಇದೇ ಕಾರಣಕ್ಕೆ. ಬೆಳಿಗ್ಗೆ ಮೈ ಮರಗಟ್ಟಿದ ಹಾಗಾಗುವುದು, ರಾತ್ರಿ ಕಾಲು ಸೆಟೆದುಕೊಳ್ಳುವುದು, ಮೆಟ್ಟಿಲು ಹತ್ತಲು ತೊಡೆಯಲ್ಲಿ ಬಲವೇ ಇಲ್ಲ ಅನ್ನಿಸುವುದು, ಎಲ್ಲದರ ಮೂಲವೂ ಸ್ನಾಯುವಿಗೆ ಹಾರ್ಮೋನ್ ಸಾಲದಿರುವುದು. ಸ್ನಾಯುವಿನಿಂದ ಸಿಕೆ ಎಂಬ ಕಿಣ್ವ ರಕ್ತಕ್ಕೆ ಸೋರುವುದರಿಂದ ಆ ಪರೀಕ್ಷೆಯ ಅಂಕಿಯೂ ಏರಿರಬಹುದು.

ಮಾತ್ರೆ ಶುರುವಾದ ಮೇಲೆ ಮೊದಲು ಸರಿಹೋಗುವುದು ರಕ್ತದ ವರದಿ. ಸ್ನಾಯು ಹಿಂದಿನಿಂದ ಬರುತ್ತದೆ. ವರದಿ ಸರಿಯಾದ ಮೇಲೂ ನೋವು ಕೆಲವು ತಿಂಗಳು ಉಳಿಯಬಹುದು. 4 ತಿಂಗಳಿಗೇ ಔಷಧಿ ಕೆಲಸ ಮಾಡುತ್ತಿಲ್ಲ ಎಂದು ತೀರ್ಮಾನಿಸುವುದು ಆತುರ.

ಇನ್ನು ಅದುರುವುದು. ಡೋಸ್ ಕಡಿಮೆಯಾದರೆ ಮೈ ಅದುರುತ್ತದೆ ಎಂಬ ನಂಬಿಕೆ ಎಲ್ಲಿಂದ ಹುಟ್ಟಿತೋ! ಹಾರ್ಮೋನ್ ಕಡಿಮೆಯಾದವರಲ್ಲಿ ಹೆಚ್ಚಾಗಿ ಕಾಣುವುದು ಸೆಳೆತ ಮತ್ತು ಬಿಗಿತ. ಪಟಪಟ ಅದುರುವುದಕ್ಕೆ ಸಾಮಾನ್ಯ ಕಾರಣಗಳು ನಿದ್ದೆಗೆಡುವುದು, ಒತ್ತಡ, ಜಾಸ್ತಿ ಕಾಫಿ, ಮೈಮುರಿಯುವ ಕೆಲಸ. ಹಾರ್ಮೋನ್ ಅತಿಯಾದರೂ ನರ ಸ್ನಾಯುಗಳು ಸುಮ್ನೆ ಕೂರುವುದಿಲ್ಲ. ಕೈ ನಡುಗುತ್ತದೆ, ಎದೆ ಡವಡವ ಎನ್ನುತ್ತದೆ, ನಿದ್ದೆ ಹಾರುತ್ತದೆ. ನಿಮ್ಮ ಟಿಎಸ್‌ಎಚ್ ಸರಿಯಾದ ಮಟ್ಟದಲ್ಲೇ ಇತ್ತು. ಅದರ ಮೇಲೆ ಅರ್ಧ ಮಾತ್ರೆ ಸೇರಿಸಿದಿರಿ, ಅದುರುವುದು ಜಾಸ್ತಿಯಾಯಿತು. ನನ್ನ ಅನುಮಾನ ಮೊದಲು ಹೋಗುವುದು ಅಲ್ಲಿಗೇ. ಹೀಗೆ ವರ್ಷಗಟ್ಟಲೆ ಅತಿ ಡೋಸ್ ತಗೊಂಡರೆ ಮೂಳೆ ಸವೆಯುತ್ತದೆ, ಹೃದಯದ ಬಡಿತ ತಾಳ ತಪ್ಪಬಹುದು. ಹಾರ್ಮೋನ್ ಅತಿಯಾದರೂ ತೊಡೆಯ ಬಲ ಕುಗ್ಗುತ್ತದೆ. ಅಂದರೆ ಯಾವ ತೊಂದರೆ ಹೋಗಲಿ ಎಂದು ಮಾತ್ರೆ ಏರಿಸಿದಿರೋ ಅದೇ ಮತ್ತೆ ಬರುತ್ತದೆ.

ಈ ಹಾರ್ಮೋನ್ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಬೇಕು. ಡೋಸ್ ಬದಲಾದರೆ 6ರಿಂದ 8 ವಾರ ಬಿಟ್ಟು ಟಿಎಸ್‌ಎಚ್ ನೋಡಬೇಕು. 10 ದಿನಕ್ಕೇ ಪರೀಕ್ಷೆ ಮಾಡಿಸಿ ವರದಿ ಕಳಿಸುವವರಿಗೆ ನಾನು ಏನೂ ಹೇಳಲಾರೆ. ಕೂದಲಿಗೆಂದು ಬಯೋಟಿನ್ ತಗೊಳ್ಳುವವರು ಅದನ್ನು ವೈದ್ಯರಿಗೆ ಹೇಳಿ, ಪರೀಕ್ಷೆಗೆ ಕನಿಷ್ಠ 2 ದಿನ ಮೊದಲು ನಿಲ್ಲಿಸಿ. ಅದು ವರದಿಯನ್ನೇ ತಪ್ಪಾಗಿಸಬಹುದು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ಥೈರಾಯ್ಡ್ ಮಾತ್ರೆಯಿಂದ 4 ಗಂಟೆ ದೂರ ಇಡಿ.

ಡೋಸ್ ಸರಿಯಿದ್ದೂ ನೋವು ಬಿಡದಿದ್ದರೆ ಬೇರೆ ಕಡೆ ಹುಡುಕಬೇಕು. ವಿಟಮಿನ್ ಡಿ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಸಿಕೆ ನೋಡಿಸಿ. ಆಸಿಡಿಟಿ ಮಾತ್ರೆಯನ್ನು ಬಹಳ ಕಾಲ ನುಂಗಿದವರಲ್ಲಿ, ಮೂತ್ರ ಹೆಚ್ಚಿಸುವ ಮಾತ್ರೆ ತಗೊಳ್ಳುವವರಲ್ಲಿ ಮೆಗ್ನೀಸಿಯಂ ಇಳಿಯುವುದುಂಟು. ಕೊಲೆಸ್ಟ್ರಾಲ್‌ಗೆ ಸ್ಟ್ಯಾಟಿನ್ ತಗೊಳ್ಳುತ್ತಿದ್ದರೆ ಅದನ್ನು ಹೇಳಲು ಮರೆಯಬೇಡಿ. ಥೈರಾಯ್ಡ್ ಕಡಿಮೆಯಾದರೆ ಕೊಲೆಸ್ಟ್ರಾಲ್ ತಾನೇ ಏರುತ್ತದೆ, ಸ್ಟ್ಯಾಟಿನ್‌ನಿಂದ ಸ್ನಾಯುವಿಗೆ ಪೆಟ್ಟು ಬೀಳುವ ಸಾಧ್ಯತೆಯೂ ಏರುತ್ತದೆ. ವೃತ್ತಿಯ ಆರಂಭದಲ್ಲಿ ನಾನೇ ಒಬ್ಬರಿಗೆ ಟಿಎಸ್‌ಎಚ್ ನೋಡದೆ ಸ್ಟ್ಯಾಟಿನ್ ಬರೆದುಕೊಟ್ಟಿದ್ದೆ. ಎರಡು ತಿಂಗಳಾದ ಮೇಲೆ ಅವರು ಕುರ್ಚಿಯಿಂದ ಏಳಲು ಕೈ ಊರಬೇಕಾಯಿತು. ಆ ದೃಶ್ಯ ಇನ್ನೂ ಕಣ್ಣಮುಂದಿದೆ. ಅಂದಿನಿಂದ ಈ ಪರೀಕ್ಷೆ ಇಲ್ಲದೆ ಆ ಔಷಧಿ ಬರೆದಿಲ್ಲ.

ನೋವಿನ ಜೊತೆ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಅದುರುವುದು ದೊಡ್ಡ ನರರೋಗದ ಲಕ್ಷಣವೇ? ರಾತ್ರಿಯೆಲ್ಲ ಓದುತ್ತಾ ಕೂತಿದ್ದೇನೆ.

ಉತ್ತರ: ಓದುವುದು ಬಿಟ್ಟು ಮಲಗಿ. ಬಲ ಕುಗ್ಗದೆ, ಸ್ನಾಯು ಸೊರಗದೆ ಬರೀ ಅದುರಿದರೆ ಬಹುಪಾಲು ಅಪಾಯವಿಲ್ಲ. ಕೈಯಿಂದ ವಸ್ತು ಜಾರುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು ಇದ್ದರೆ ನರರೋಗ ತಜ್ಞರನ್ನು ನೋಡಿ.

ಪ್ರಶ್ನೆ: ಥೈರಾಯ್ಡ್ ಬೇರುಸಹಿತ ಹೋಗಿಸುವ ಪುಡಿ ಕೊಟ್ಟು, ಮಾತ್ರೆ ನಿಲ್ಲಿಸಿ ಎಂದಿದ್ದಾರೆ. ನಿಲ್ಲಿಸಲೇ?

ಉತ್ತರ: ಪುಡಿ ನಿಲ್ಲಿಸಿ. ಗ್ರಂಥಿ ತಯಾರಿಸಲಾಗದ ಹಾರ್ಮೋನನ್ನೇ ಆ ಮಾತ್ರೆ ಕೊಡುತ್ತದೆ. ಅದನ್ನು ಬಿಡಿಸುವವರು ನಿಮ್ಮ ಆರೋಗ್ಯದ ಜೊತೆ ಆಟವಾಡುತ್ತಿದ್ದಾರೆ. ಥೈರಾಯ್ಡ್‌ಗೆಂದು ಮಾರುವ ಕೆಲವು ಪೂರಕಗಳಲ್ಲಿ ಲೇಬಲ್‌ನಲ್ಲಿ ಬರೆಯದ ಹಾರ್ಮೋನ್ ಪರೀಕ್ಷೆಯಲ್ಲಿ ಸಿಕ್ಕಿದೆ. ಅಯೋಡಿನ್ ಹನಿಗಳೂ ಬೇಡ. ಅತಿ ಅಯೋಡಿನ್‌ನಿಂದ ಗ್ರಂಥಿ ಇನ್ನಷ್ಟು ಸೋಲಬಹುದು.

ಪ್ರಶ್ನೆ: ಮಸಾಜ್ ಮಾಡಿಸಬಹುದೇ?

ಉತ್ತರ: ಹಿತವಾಗಿದ್ದರೆ ಮಾಡಿಸಿ, ಮಾತ್ರೆ ಬಿಡಬೇಡಿ.

ಪ್ರಶ್ನೆ: ಥೈರಾಯ್ಡ್ ತೆಗೆಸಿ 5 ದಿನವಾಯಿತು. ತುಟಿ ಸುತ್ತ ಜುಮ್ ಎನ್ನುತ್ತದೆ, ಬೆರಳು ಸೆಟೆಯುತ್ತವೆ. ಮುಂದಿನ ಭೇಟಿ 2 ವಾರಕ್ಕಿದೆ. ಕಾಯಲೇ?

ಉತ್ತರ: ಬೇಡ, ಈಗಲೇ ಆಸ್ಪತ್ರೆಗೆ ಹೊರಡಿ. ರಕ್ತದ ಕ್ಯಾಲ್ಸಿಯಂ ಕಾಯುವ ಪಕ್ಕದ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ಏಟಾಗಿ ಕ್ಯಾಲ್ಸಿಯಂ ಕುಸಿದಿರಬಹುದು. ಶಸ್ತ್ರಚಿಕಿತ್ಸೆಯ ಕಾಗದ ಕೈಯಲ್ಲಿರಲಿ. ಹೋದ ಕೂಡಲೇ ಕ್ಯಾಲ್ಸಿಯಂ ನೋಡಿ ಎಂದು ಕೇಳಿ.